ನಿರ್ಮಲ ಹಾಡಿದ ಟ್ರ್ಯಾಕ್

ಮಾರ್ಚ್ ೧೧, ಬುಧವಾರ. ಕಲೂರ್.

ಮತ್ತೆ, ಎರಡನೇ ಚರಣಕ್ಕೆ ಮುಂಚೆ ಮಗಳು ನಿರ್ಮಲ ಉಸಿರೆಳೆದುಕೊಳ್ಳುವುದೇ ಆ ಹಾಡಿನ ಜೀವ. ಅವಳು ತೀರಿಕೊಳ್ಳುವ ಮೊದಲು ಸ್ಟುಡಿಯೋದಲ್ಲಿ ಮೂರೇ ಸಲ ಕೇಳಿದ್ದೆ. ಹಾಡಿಗೆ ಸಂಗೀತ ಮಾಡಿದ ಅಲ್ವಿನ್ ಇವತ್ತು ತಿರುವನಂತಪುರದಿಂದ ಫೋನ್ ಮಾಡಿದ.

"ಅಂಕಲ್, ಶುಕ್ರವಾರ ಹಾಡು ಬಿಡುಗಡೆ. ದೊಡ್ಡ ಗಾಯಕಿ ಹಾಡಿದ್ದಾರೆ."

"ನಮ್ಮವಳ ದನಿ?"

"ಅದು ಟ್ರ್ಯಾಕ್ ಅಲ್ವಾ, ಗಾಯಕಿಗೆ ತೋರಿಸ್ಲಿಕ್ಕೆ ಹಾಡಿಸಿದ್ದು. ಅಳಿಸಿ ಆಯ್ತು. ಅಕ್ಕನಿಗೆ ಗೊತ್ತಿತ್ತು."

ನನಗೆ ಗೊತ್ತಿರಲಿಲ್ಲ. ಅಂದು ಸ್ಟುಡಿಯೋದಲ್ಲಿ ಅವನು ಕಾಪಿ ಕೊಡಲು ಬಂದಾಗ, ಬಿಡುಗಡೆಯಾದ ಮೇಲೆ ಎಲ್ಲರ ಜೊತೆ ಕೇಳುತ್ತೇನೆ ಎಂದು ಬೇಡವೆಂದವನು ನಾನೇ. ಅವಳು ನನ್ನ ಖುಷಿ ನೋಡಿ ಸುಮ್ಮನಿದ್ದಳು.

ಇರ್ರೆಪರಬಲ್ ಲಾಸ್, ತುಂಬಲಾಗದ ನಷ್ಟ. ಕಾಲೇಜಿನಲ್ಲಿ ಸಂತಾಪಪತ್ರಕ್ಕೆಂದು ಕಲಿಸಿದ್ದರು, ಮುಂದಿನ ಸಾಲು ಮರೆತಿದೆ. ಮಧ್ಯಾಹ್ನದಿಂದ ಗುನುಗುತ್ತಿದ್ದೇನೆ. ರಾಗ ಬರುತ್ತದೆ, ಅವಳ ದನಿ ಬರುತ್ತಿಲ್ಲ. ಬೆಳಕು ಹೋಗುತ್ತಿದೆ, ದೀಪ ಹಾಕಲು ಏಳಬೇಕು, ಆದರೆ ಮತ್ತೆ, ಎರಡನೇ ಚರಣಕ್ಕೆ ಮುಂಚೆ…