ನಳದ ಸಾಲಿನಲ್ಲಿ ಕಲಿತ ಮರಾಠಿಗೆ ನಾಪಾಸು

ಮಾನ್ಯ ಮರಾಠಿ ಪರೀಕ್ಷಾಧಿಕಾರಿಗಳೇ,

ನೀವು ನನ್ನನ್ನು ನಾಪಾಸು ಮಾಡಿದ್ದು ನನಗೆ ಮರಾಠಿ ಬಾರದೆಂದಲ್ಲ, ನೀವು ತೀರಾ ಸಭ್ಯರಾಗಿದ್ದರಿಂದ. ಈ ಅನ್ಯಾಯ ನಾಲ್ಕು ಜನಕ್ಕೆ ಗೊತ್ತಾಗಲೆಂದು ಮಾಟುಂಗದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಮರಾಠಿಯಲ್ಲೇ ಬರೆಯಬಹುದಿತ್ತು. ಆದರೆ ಆ ಭಾಷೆ ಬಾಯಿಗೆ ಬಂದರೆ ನಾನು ಮೊದಲ ಮಾತಿಗೇ ನಿಮ್ಮ ಹಿರಿಯರನ್ನೆಲ್ಲ ಎಳೆದು ತಂದೇನು!

ನಾನು ವಿಜಾಪುರದ ಕಡೆಯವನು, ಸರಕಾರಿ ಕಚೇರಿಯೊಂದರಲ್ಲಿ ಹಂಗಾಮಿ ಜವಾನ. ಮರಾಠಿ ಪಾಸಾಗದೆ ನೌಕರಿ ಕಾಯಂ ಇಲ್ಲ. ನೌಕರಿ ಕಾಯಂ ಆಗದೆ ಹೆಂಡತಿಯೂ ಇಲ್ಲ. ನಿಕಾ ಆದ ದಿನವೇ ಮಾವ ಗುಡುಸಾಬರು ಹೇಳಿಬಿಟ್ಟರು: "ಮೊದಲ ಕಾಯಂ ಆಗ್ರಿ ಅಳಿಯಂದ್ರ, ಆಮ್ಯಾಲ ಸುಗರಾನ್ನ ಕರ್ಕೊಂಡ್ ಹೋಗ್ರಿ." ಇಂಥವನು ಮರಾಠಿ ಕಲಿಯದೆ ಇರುತ್ತಾನೆಯೇ?

ಮೊದಲು ಪುಸ್ತಕ ಕೊಂಡೆ. ಅದರಲ್ಲಿ ರಾಜನೊಬ್ಬ ಉದ್ಯಾನದಲ್ಲಿ ವಿಹರಿಸುತ್ತಿದ್ದ. ನಾನಿರುವ ಕುರ್ಲಾದಲ್ಲಿ ಎಲ್ಲಿಯ ರಾಜ, ಎಲ್ಲಿಯ ಉದ್ಯಾನ? ಪಕ್ಕದ ಖೋಲಿಯ ಬಂಡೆಪ್ಪ ನಕ್ಕುಬಿಟ್ಟ: "ಪುಸ್ತಕಾ ಬಿಡೋ ಮಾರಾಯಾ. ನಳದ ಸಾಲಿನ್ಯಾಗ ನಿಂದ್ರು, ಮರಾಠಿ ತಾನ ಬರ್ತದ."

ನಮ್ಮ ಚಾಳಿನಲ್ಲಿ, ಅಂದರೆ ಸಾಲು ಖೋಲಿಗಳ ವಠಾರದಲ್ಲಿ, ಗಂಡಸರೆಲ್ಲ ನೀರಿಗೆ ಹೆಂಡತಿಯರನ್ನು ಕಳಿಸುತ್ತಾರೆ. ನನ್ನ ಹೆಂಡತಿ ವಿಜಾಪುರದಲ್ಲಿ! ಹಾಗಾಗಿ ಹೆಂಗಸರ ನಡುವೆ ನಾನೇ ಬಕೆಟ್ ಹಿಡಿದು ನಿಂತೆ. ಆ ಸಾಲಿನ ಚಂಪಾಬಾಯಿ ದಿನವೂ ಬೈಯುತ್ತ ನನ್ನ ಬಕೆಟನ್ನು ಒದ್ದು ಹಿಂದಕ್ಕೆ ತಳ್ಳುತ್ತಿದ್ದಳು. ಬಾಯಿಲ್ಲದವನಿಗೆ ನೀರೂ ಇಲ್ಲ ಎಂದು ತಿಳಿದ ಮೇಲೆ ಅವಳ ಮಾತನ್ನೇ ಕಲಿತು ಅವಳಿಗೇ ತಿರುಗಿಸತೊಡಗಿದೆ. ಮುಂದಿನ ರಂಜಾನ್ ಬರುವಷ್ಟರಲ್ಲಿ ನಾನು ಬಾಯಿ ತೆರೆದರೆ ಸಾಲು ಸರಿದು ದಾರಿ ಬಿಡುತ್ತಿತ್ತು. ಒಂದು ದಿನ ಚಂಪಾಬಾಯಿಯೇ ಬೆನ್ನು ತಟ್ಟಿ, "ಆತಾ ತೂ ಆಮ್ಚಾ!" ಎಂದಳು. ಈಗ ನೀನು ನಮ್ಮವನು! ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನಿಮ್ಮ ಕಚೇರಿಯಲ್ಲಿ ಸಿಗುತ್ತದೆಯೇ?

ಪರೀಕ್ಷೆಯ ದಿನ ನಾನು ಸೊಂಟ ಕಟ್ಟಿ ಬಂದರೆ, ನೀವೇನು ಮಾಡಿದಿರಿ? ಎದ್ದು ಕುರ್ಚಿ ಎಳೆದು, "ಬಸಾ, ಚಹಾ ಘ್ಯಾ" ಎಂದಿರಿ. ಮರಾಠಿಯಲ್ಲಿ ನನಗೆ ಯಾರೂ ಕೂತುಕೊಳ್ಳಿ ಎಂದವರಿಲ್ಲ, ಚಹ ಕೊಟ್ಟವರಿಲ್ಲ. ಅದಕ್ಕೇನು ಉತ್ತರ ಕೊಡಬೇಕು? ಮೂಕನಂತೆ ಕೂತೆ. ನೀವು ನಗುನಗುತ್ತಲೇ ನಾಪಾಸು ಬರೆದಿರಿ.

ಹೊರಗೆ ಬಂದು ಗುಮಾಸ್ತರ ಕಿಟಕಿಯ ಸಾಲಿನಲ್ಲಿ ನಿಂತಿದ್ದಾಗ ಯಾರೋ ಒಬ್ಬ ನನ್ನ ಮುಂದೆ ನುಗ್ಗಿದ. ಆಗ ನೋಡಿ ನನ್ನ ನಾಲಿಗೆ! ಗುಮಾಸ್ತರು ಫೈಲು ಬಿಟ್ಟು ಓಡಿ ಬಂದರು. ಬಾಗಿಲಿಗೆ ಬಂದು ನಿಂತ ನೀವೇ ಚಪ್ಪಾಳೆ ತಟ್ಟಿ, ಈತ ಪುಣೆಯವನೇ ಎಂದು ವಿಚಾರಿಸಿದಿರಿ. ಆದರೆ ಸಹಿ ಆಗಿಹೋಗಿತ್ತಂತೆ, ಇನ್ನು ತಿದ್ದುವಂತಿಲ್ಲವಂತೆ!

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಒಂದು ಬೆಳಿಗ್ಗೆ ಬಕೆಟ್ ಹಿಡಿದು ನಮ್ಮ ಚಾಳಿಗೆ ಬನ್ನಿ. ಸಾಲಿನಲ್ಲಿ ನನ್ನ ಮುಂದೆ ನುಗ್ಗಿ. ಪೂರ್ತಿ ಕೇಳಿಸಿಕೊಂಡು, ಅಲ್ಲೇ ಸಹಿ ಹಾಕಿ. ಅದು ನಿಮ್ಮ ಹುದ್ದೆಗೆ ಕಡಿಮೆ ಎನಿಸಿದರೆ, ಮುಂದಿನ ಪರೀಕ್ಷೆಯಲ್ಲಿ ಚಹ ಬೇಡ, ನನ್ನನ್ನು ಚೆನ್ನಾಗಿ ಬೈಯಿರಿ. ಉತ್ತರ ನನ್ನ ಹತ್ತಿರ ತಯಾರಿದೆ.

ದಯವಿಟ್ಟು ಬೇಗ ಮಾಡಿ. ಸುಗರಾ ಬಂದಮೇಲೆ ನನಗೆ ಮರಾಠಿಯಲ್ಲಿ ಜಗಳವಾಡುವ ಗರಜೇ ಇರುವುದಿಲ್ಲ. ಮನೆಯಲ್ಲೇ ಕೂತು ನಮ್ಮ ಮನೆಮಾತು ದಖನಿಯಲ್ಲಿ ಆಡಬಹುದು. ನಿಜ ಹೇಳುತ್ತೇನೆ ಮಾನ್ಯರೇ, ನೀರು ತುಂಬಿಟ್ಟು ಒಳಗೆ ಬಂದರೆ ಖೋಲಿಯಲ್ಲಿ ಬೈಯುವವರೇ ಇಲ್ಲ.

ಇಂತಿ,
ಹಂಗಾಮಿ ಜವಾನ, ಸದ್ಯಕ್ಕೆ ಹಂಗಾಮಿ ಗಂಡ,
ಮೌಲಾಲಿ, ಕುರ್ಲಾ