ಹಸಿ ತೂಕ

ಹೈದರಾಬಾದ್, ಬುಧವಾರ

...ಡ್ರೈಯರ್ ಬಾಗಿಲು ಮತ್ತ ಜಾಮ್ ಆಗಿ, ಇನ್‌ಚಾರ್ಜ್ ಎಲ್ಲರ ಮುಂದ ನನ್ನ ಮ್ಯಾಗ ಹಾರಾಡಿದ. ಇಷ್ಟೆಲ್ಲಾ ನಿನ್ನಿಂದನ ಆತು ನೋಡು, ಪ್ರೀತಿಯ ಯಶೋಧರಕ್ಕ. ಸಿಟ್ಟಾಗಬ್ಯಾಡ. ನಿನ್ನ ತಲಿನೋವು ಕಡಿಮಿ ಆತೇನು? ಅವ್ವನ ಮೊಣಕಾಲು? ಪಾಮನಕಲ್ಲೂರಾಗ ಬಿಸಿಲು ಹೆಂಗೈತಿ? ಬರಿಯಾಕ ಕೈ ಖಾಲಿ ಇಲ್ಲ, ಅದಕ್ಕ ಈ ಕಾಗದ ವಾಯ್ಸಿನಾಗನ ಹೇಳಿ ಕಳಸಾಕತ್ತೀನಿ. ಅವ್ವನ ಮುಂದ ಸ್ಪೀಕರ್ ಹಾಕಬ್ಯಾಡ, ಒಳಗ ಹೋಗಿ ಒಬ್ಬಾಕಿನ ಕೇಳು.

ಮಸ್ಕಿ ಬಸ್‌ಸ್ಟ್ಯಾಂಡಿನಾಗ ಕಟ್ಟಿಸಿದ ಫ್ಲೆಕ್ಸಿನ ಫೋಟೋ ಯಂಕೋಬ ಕಾಕಾ ಕಳಿಸ್ಯಾನ. ನಿನ್ನ ಇಂಟರ್‌ವ್ಯೂ ಇನ್ನೂ ಸೋಮವಾರ ಐತಿ, ಅವ ಆಗಲೇ ಪ್ರೊಫೆಸರ್ ಅಂತ ಬರಸ್ಯಾನ. ಅದರ ಕೆಳಗ, ದೇಶವಿದೇಶದ ವಿಜ್ಞಾನಿಗಳು ತಮ್ಮ ಲೇಖನದಾಗ ನಿನ್ನ ಲೇಖನದ ಹೆಸರು ನೂರಾ ನಲವತ್ತು ಸಲ ಹಿಡದಾರಂತ. ಅವ್ವ ಫೋನಿನಾಗ, “ಅಷ್ಟು ಮಂದಿ ನನ್ನ ಮಗಳ ಹೆಸರು ಹಿಡದಾರ, ಒಬ್ಬನರ ಮನಿಗೆ ಬಂದು ಚಾ ಕುಡದಿಲ್ಲಲ್ಲೋ ಭೀಮೇಶ” ಅಂದಳು. ಆಗ ನಾ ನಕ್ಕಿದ್ದೆ.

ನಂದೂ ತಪ್ಪೈತಿ. ನಮ್ಮ ಔಷಧ ಫ್ಯಾಕ್ಟರಿ ಲ್ಯಾಬ್ ನೋಡ್ಕೊಳ್ಳೋ ಕಹಕಶಾ ಮೇಡಂಗ, ಪುಡಿ ಮಾಡೋ ಹೊಸ ಪದ್ಧತಿ ಬಗ್ಗೆ ನೀ ಬರದ ಆ ಲೇಖನ ತೋರಿಸಿ ಜಂಬ ಕೊಚ್ಚಿದವ ನಾನ. ಅವರಿಗೂ ಅದ ಔಷಧದ ಪುಡಿ ಬೇಕಿತ್ತು. ಹೋದ ವಾರ ನೀ ಬರದಂಗ ಮಾಡಿಸಿದ್ರು. ಸೋಸಿದ ಮ್ಯಾಲೆ ಹಸಿ ಇದ್ದಾಗನ ತೂಕ ಹಾಕಿದ್ವಿ, ಬರಬೇಕಾದ ಪುಡಿಯಾಗ ನೂರಕ್ಕ ತೊಂಬತ್ತೆರಡು ಬಂತು. ನೀ ಬರದಿದ್ದು ತೊಂಬತ್ಮೂರು. ನಾ ಎಲ್ಲರಿಗೂ ಪೇಡೆ ಹಂಚಿದೆ. ಆಮ್ಯಾಗ ಎಂಟು ತಾಸು ಒಣಗಿಸಿದ್ರ, ಒಳಗಿನ ದ್ರಾವಕ ಎಲ್ಲಾ ಹಾರಿ ಅರವತ್ತೊಂದಕ್ಕ ಇಳೀತು. ಇವತ್ತು ಅದ ಡ್ರೈಯರಿನಾಗ ಮೂರನೇ ಸಲ, ಅರವತ್ತು. ಅಕ್ಕ, ಇಲ್ಲಿ ಹೊಸದಾಗಿ ಬಂದವಗೂ ಮೊದಲ ದಿನನ ಕಲಸ್ತಾರ, ಎರಡು ಸಲ ಒಣಗಿಸಿ ತೂಗಿ, ತೂಕ ಬದಲಾಗದಿದ್ರಷ್ಟ ಬರೀಬೇಕಂತ. ಹಸಿ ತೂಕ ಯಾರೂ ಬರಿಯಂಗಿಲ್ಲ.

ಮೇಡಂ ಆ ನೂರಾ ನಲವತ್ತನ್ನೂ ತೆರೆದು ಕೂತರು. ನೂರಾ ಹತ್ತೊಂಬತ್ತು ನಿನ್ನ ಪಿಎಚ್.ಡಿ. ಗೈಡ್ ಸರ್‌ನ ಹಳೇ ಶಿಷ್ಯರವು, ಅವರ ಮೂವರು ದೋಸ್ತರವು. ಒಬ್ಬರೂ ನಿನ್ನ ಪದ್ಧತಿ ಮಾಡಿ ನೋಡಿಲ್ಲ, ಹೆಸರಷ್ಟ ಹಿಡದಾರ. ನೀನೂ ಆಮ್ಯಾಗಿನ ಲೇಖನದಾಗ ಅವರೆಲ್ಲರ ಹೆಸರು ಹಿಡದೀಯಂತ. ನನಗ ನಮ್ಮೂರ ಮುಯ್ಯಾಳು ನೆನಪಾತು. ಇವತ್ತು ಅವರು ನಮ್ಮ ಹೊಲಕ್ಕ, ನಾಳೆ ನಾವು ಅವರ ಹೊಲಕ್ಕ. ಆದ್ರ ಅಲ್ಲಿ ಕಳೆನಾದ್ರೂ ಕಿತ್ತಿರ್ತೀವಿ. ಇಲ್ಲಿ ಯಾರೂ ಹೊಲಕ್ಕ ಇಳದ ಇಲ್ಲ.

ನಿಮ್ಮ ಸರ್ ಮ್ಯಾಲೆ ನನಗ ಮೊದಲಿಂದ ಅನುಮಾನ. ನಿನ್ನ ಪ್ರಯೋಗದ ನೋಟ್‌ಬುಕ್ ಅವರು ತಮ್ಮ ಕಪಾಟಿನಾಗ ಇಟ್ಕೊಂಡಾರ ಅಂತ ನೀನ ಹೇಳಿದ್ದಿ. ಖರೆ ಹೇಳ್ಲಾ? ಈಗ ನಿನ್ನ ಮ್ಯಾಲೂ ಬರಾಕತ್ತೈತಿ. ಹೋದ ವರ್ಷ ಲಿಂಗಸುಗೂರಿನಾಗ ಬಸ್ಸಿಗೆ ನಿಂತಾಗ, ತೊಂಬತ್ಮೂರು ಹೆಂಗ ಬಂತು ಅಂತ ಕೇಳಿದ್ರ, ಕಬ್ಬಿನ ಹಾಲು ಕುಡಿತಿಯೇನು ಅಂತ ಮಾತು ತಿರುಗಿಸಿದಿ. ಇಲ್ಲಾಂದ್ರ ಕೆಮಿಸ್ಟ್ರಿ ಕೇಳಿದ್ರ ಬಸ್ ತಪ್ಪಿದ್ರೂ ನಿಂತು ಹೇಳಾಕಿ ನೀ. ನಾ ಬಿ.ಎಸ್ಸಿ. ಮಾಡಿದ್ದು ನಿನ್ನ ನೋಡಿ ಅಕ್ಕ.

ಅವ್ವಗ ನಾ ಆರಾಮ ಅದೀನಿ ಅಂತ ಹೇಳು. ಕಾಕಾಗ ಜೈ ಭೀಮ್.

ನಿನ್ನ ತಮ್ಮ,
ಭೀಮೇಶ

ತಡಿ, ಇನ್ನೊಂದು. ಮರೆತಿದ್ದಿಲ್ಲ, ಹೇಳಾಕ ಹೆದರಿಕಿ ಬಂದಿತ್ತು. ಮೇಡಂ ನಿನ್ನ ಲೇಖನ ಹಾಕಿದ ಜರ್ನಲ್ಲಿಗೆ ಕಾಗದ ಬರದು ಇಟ್ಟಾರ. ಕೈ ಮುಗದೆ. ನಾಳೆ ಬೆಳಿಗ್ಗಿ ಹತ್ತರ ತನಕ ತಡೀತೀನಿ ಅಂದ್ರು. “ಆಕಿನ ಮೊದಲು ಜರ್ನಲ್ಲಿಗೆ ಬರದ್ರ ತಪ್ಪು ಅಂತಾರ, ನಾ ಮೊದಲು ಬರದ್ರ ಮೋಸ ಅಂತಾರ” ಅಂದ್ರು. ಸೋಮವಾರದ ಇಂಟರ್‌ವ್ಯೂ ಹೋದ್ರ ಹೋಗಲಿ. ಆ ಹಸಿ ತೂಕ ಹಾಕಿದ್ದು ನೀನೋ, ನಿಮ್ಮ ಸರೋ, ಅಷ್ಟ ಹೇಳು. ನನ್ನ ಶಿಫ್ಟ್ ಬೆಳಿಗ್ಗಿ ಆರಕ್ಕ ಬಿಡ್ತೈತಿ. ಆರೂ ಹತ್ತಕ್ಕ ಫೋನ್ ಮಾಡು.