ಮೊಂಬಾಸಾದ ಗಾಡಿಯಲ್ಲಿ ಟವೆಲ್ ಹಾಕಿದ್ದು

ಮೊಂಬಾಸಾ, ೨೨೧೯ನೇ ಇಸವಿಯ ಹದಿಮೂರನೇ ತಿಂಗಳು, ನಾಲ್ಕನೇ ತಾರೀಖು

ನಮ್ಮ ಮನೆತನದ ಹಿರಿಯರಾದ ಹಾವೇರಿಯ ನಿಂಬೆವ್ವಜ್ಜಿಯವರಿಗೆ, ನಿಮ್ಮ ಏಳನೇ ತಲೆಮಾರಿನ ಕಸ್ತೂರವ್ವ ಮಾಡುವ ನಮಸ್ಕಾರಗಳು. ನಿಮ್ಮ ಕಾಲದಲ್ಲಿ ಹನ್ನೆರಡೇ ತಿಂಗಳಿದ್ದವೆಂದು ಬಲ್ಲೆ. ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎನ್ನಬೇಡಿ. ಮುಂದಿನ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ.

ನನ್ನ ತಮ್ಮನ ಹೆಂಡತಿ ಇಲ್ಲಿ ಹೆತ್ತಿದ್ದಾಳೆ. ನಿನ್ನೆ ಹದಿಮೂರನೇ ದಿನ, ತೊಟ್ಟಿಲ ಶಾಸ್ತ್ರ. ಸೋದರತ್ತೆ ಕಿವಿಯಲ್ಲಿ ಕೂಗದೆ ಕೂಸಿಗೆ ಹೆಸರಿಲ್ಲ ಎಂಬುದು ನಮ್ಮಲ್ಲಿ ಇನ್ನೂ ಬದಲಾಗಿಲ್ಲ. ಅದೂ ಹೊತ್ತು ಮುಳುಗುವುದರೊಳಗೆ ಆಗಬೇಕು. ಇರುವ ಸೋದರತ್ತೆ ನಾನೊಬ್ಬಳೇ. ಊರಿಂದ ಬಂದಿಳಿದ ನನ್ನನ್ನು ಕರೆಯಲು ತಮ್ಮ ಬರುತ್ತೇನೆಂದ. ಒಂದು ಗಾಡಿ ಹತ್ತಲು ನನಗೆ ಬಾರದೇ ಎಂದು ಜಂಬದಿಂದ ಬೇಡವೆಂದೆ.

ಇಲ್ಲಿ ಊರೊಳಗೆ ಓಡಾಡುವುದು ತೇಲುಗಾಡಿಯಲ್ಲಿ. ನಿಮ್ಮ ಸಿಟಿ ಬಸ್ಸಿನ ಹಾಗೆಯೇ, ಆದರೆ ಚಕ್ರವಿಲ್ಲ, ಡ್ರೈವರ್ ಇಲ್ಲ. ರಸ್ತೆಯ ಮೇಲೂ ಕಡಲ ಮೇಲೂ ಒಂದು ಮೊಳ ಎತ್ತರದಲ್ಲಿ ಹೋಗುತ್ತದೆ. ಮೊದಲು ಎಲ್ಲಿಗೆ ಹೋಗಬೇಕೆಂದು ಹತ್ತಿದವರೇ ಮಾತಾಡಿಕೊಂಡು ಅದಕ್ಕೆ ಹೇಳುತ್ತಾರೆ. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ನೀವು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ ಕಥೆ ನಮ್ಮ ಮನೆಯಲ್ಲಿ ಇಂದಿಗೂ ಓಡುತ್ತದೆ. ಗುಣ ರಕ್ತದಲ್ಲೇ ಬಂದಿರಬೇಕು. ಜನ ಕಂಡದ್ದೇ ತಡ, ನಾನೂ ಎಸೆದೆ. ಒಳಗೆ ಹೋದರೆ ಬಾಗಿಲ ಬಳಿಯೇ ಒಬ್ಬರು ಎದ್ದು ಜಾಗ ಕೊಟ್ಟರು. ಕೂತವಳು ಆಚೆಯ ಸೀಟಿನ ಮೇಲೆ ಬಿದ್ದಿದ್ದ ಟವೆಲ್ ಮರೆತೇಬಿಟ್ಟೆ.

ಗಾಡಿ ಹೊರಡಲಿಲ್ಲ. ಒಬ್ಬ ಮುದುಕ ಶೇಂಗಾ ಸುಲಿದು ಎಲ್ಲರಿಗೂ ಹಂಚಿದ. ಶಾಲೆಯ ಹುಡುಗಿಯರು ಒಂದು ಹಾಡು ಮುಗಿಸಿ ಇನ್ನೊಂದು ಹಿಡಿದರು. ಯಾರಿಗೂ ಅವಸರವಿಲ್ಲ, ಎಲ್ಲರ ಕಣ್ಣೂ ಬಾಗಿಲ ಕಡೆಗೆ. ಹೊತ್ತು ಇಳಿಯುತ್ತಿತ್ತು, ನಾನು ಬೆವರುತ್ತಿದ್ದೆ. ಕೊನೆಗೆ ಮ್ವಾನೈಶಾ ಎಂಬ ಹೆಂಗಸು ನನ್ನ ಟವೆಲ್ ತೋರಿಸಿದಳು. ಪರಭಾಷೆಯನ್ನು ನಮ್ಮ ಮಾತಿನಲ್ಲಿ ಕೇಳಿಸುವ ನುಡಿಮಣಿ ಎಂಬುದೊಂದು ನನ್ನ ಕಿವಿಯಲ್ಲಿರುತ್ತದೆ. ಅದಕ್ಕೆ ಹಾವೇರಿ ಮಾತು ಕಲಿಸಿದ್ದೇನೆ.

“ಯಕ್ಕಾ, ಯಾರ ಬರಾಕತ್ತಾರ? ಗಾಬರಿ ಆಗಬ್ಯಾಡ, ಎಷ್ಟೊತ್ತಾದ್ರೂ ಕಾಯ್ತೀವಿ.”

ಹಿಂದೊಮ್ಮೆ ದೊಡ್ಡ ನೆರೆ ಬಂದಾಗ ಗಾಡಿ ಹತ್ತಲಾಗದೆ ಎಷ್ಟೋ ಮಂದಿ ಹಿಂದೆ ಉಳಿದುಬಿಟ್ಟರಂತೆ. ಅಂದಿನಿಂದ ಇಲ್ಲಿ ಸೀಟಿನ ಮೇಲೆ ಬಟ್ಟೆ ಇದ್ದರೆ ಒಬ್ಬರು ಬರುವವರಿದ್ದಾರೆ ಎಂದರ್ಥ; ಅವರನ್ನು ಬಿಟ್ಟು ಗಾಡಿ ಕದಲುವುದಿಲ್ಲ. ಕೇಳಿ ನಾಚಿಕೆಯಿಂದ ಕುಗ್ಗಿಹೋದೆ. ಬರುವವರು ಯಾರೂ ಇಲ್ಲ, ನನಗೇ ಹಾಕಿಕೊಂಡದ್ದು, ಅಲ್ಲೊಂದು ಕೂಸು ಹೆಸರಿಲ್ಲದೆ ಮಲಗಿದೆ ಎಂದು ಅಳುತ್ತಲೇ ಒಪ್ಪಿಕೊಂಡೆ.

ಮ್ವಾನೈಶಾ ಸುತ್ತಲಿನವರ ಮುಖ ನೋಡಿದಳು. “ಹಂಗಾದ್ರ ಈ ಸೀಟು ಆ ಕೂಸಿಂದು. ಅದಕ್ಕ ನಡದು ಬರಾಕ ಆಗಂಗಿಲ್ಲ. ನಾವ ಹೋಗೂಣು.”

ಗಾಡಿಗೆ ಗಾಡಿಯೇ ತಮ್ಮನ ಮನೆಗೆ ಬಂತು. ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ. ಕೂಸಿನ ಕಿವಿಯಲ್ಲಿ ನಿಮ್ಮದೇ ಹೆಸರು ಕೂಗಿದೆ, ಅಜ್ಜಿ. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿ ಎಂದು ತಮ್ಮ ಬಾಯಿಬಿಟ್ಟ. ಗಾಡಿಯಲ್ಲಿ ಬಂದ ಮೂವತ್ತೆರಡು ಮಂದಿಯೂ ಸಾಲಾಗಿ ನಿಂತರು. ಬೆನ್ನು ಇನ್ನೂ ನೋಯುತ್ತಿದೆ. ಇಷ್ಟು ಖುಷಿ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ.

ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಟವೆಲ್ ಎಸೆಯುವಾಗ ಪಕ್ಕದ ಸೀಟಿಗೂ ಒಂದು ಎಸೆಯಿರಿ. ಯಾರಿಗೆ ಎಂದು ಯಾರಾದರೂ ಜಗಳಕ್ಕೆ ಬಂದರೆ, ಬರುವವರಿದ್ದಾರೆ ಎನ್ನಿ. ನಾವು ಬರುತ್ತಿದ್ದೇವೆ.